ಮರಳುದಿಬ್ಬದಲ್ಲಿ ನಿಂತು ನೆರವಾದ ಅಣ್ಣನಿಗೆ

ಅಣ್ಣಾ, ಆ ಗಾಬರಿಯಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ. ದಿಬ್ಬದ ನೆತ್ತಿಯಲ್ಲಿ ನನ್ನ ಗಾಡಿಯ ತಳ ಕಚ್ಚಿ ಕೂತಿತ್ತು. ಆಕ್ಸಿಲರೇಟರ್ ಒತ್ತಿ ಒತ್ತಿ ಚಕ್ರಗಳನ್ನು ಇನ್ನಷ್ಟು ಹೂತಿದ್ದೆ. ನಮ್ಮ ತಂಡದ ಗಾಡಿಗಳು ಆಚೆ ಇಳಿದುಬಿಟ್ಟಿದ್ದವು. ಬೇರೆ ತಂಡದವರಾದ ನೀವು ನಿಲ್ಲಲೇಬೇಕೆಂದೇನೂ ಇರಲಿಲ್ಲ. ಆದರೂ ನಿಂತಿರಿ.

ಸಲಿಕೆ ಹಿಡಿದು ಅಡಿಯ ಮರಳು ತೆಗೆದಿರಿ, ಟೈರುಗಳ ಗಾಳಿಯನ್ನು 12 ಪಿಎಸ್‌ಐಗೆ ಇಳಿಸಿದಿರಿ. ನಾನು ಹಗ್ಗವನ್ನು ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡಾದ ಟೋ ಬಾಲ್‌ಗೆ ಸಿಕ್ಕಿಸಹೊರಟಾಗ ಕೈ ಹಿಡಿದು ತಡೆದಿರಿ. ಎಳೆಯುವಾಗ ಆ ಬಾಲ್ ಮುರಿದರೆ ಗುಂಡಿನಂತೆ ಹಾರಿ ಜೀವ ತೆಗೆಯಬಹುದು ಎಂಬುದು ನನಗೆ ಗೊತ್ತೇ ಇರಲಿಲ್ಲ! ಗಾಡಿಯ ಚೌಕಟ್ಟಾದ ಚಾಸಿಗೆ ಬಿಗಿದ ಕೊಂಡಿಗೆ ಹಗ್ಗ ಹಾಕಿ, ಪಕ್ಕದಲ್ಲೇ ನಿಂತಿದ್ದ ನನ್ನ ಮಕ್ಕಳನ್ನು ದೂರ ಕಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ಎಳೆದಿರಿ.

ನಿಮಗೆ ಮನಸಾರೆ ಧನ್ಯವಾದ. ನಿಮ್ಮ ಗಾಡಿ ಮರೆಯಾದ ಮೇಲೂ ಮಕ್ಕಳು ಕೈಬೀಸುತ್ತಲೇ ಇದ್ದರು.