ಸ್ಕ್ರೂ ಬರ್ತಿಲ್ಲ ಅಂತ ಡ್ರಿಲ್ ಎತ್ಕೋಬೇಡ ಕಣೇ

ಅನು ಪುಟ್ಟಿ,

ತಾತನ ಗ್ರಾಮಾಫೋನಿನ ಸ್ಕ್ರೂ ಬಿಚ್ಚೋಕೆ ಆಗ್ತಿಲ್ಲ ಅಂತ ನೀನು ಕಳಿಸಿದ ಫೋಟೋ ಎಲ್ಲ ಝೂಮ್ ಮಾಡಿ ಮಾಡಿ ನೋಡಿದೆ. ವಾಯ್ಸ್ ಮೆಸೇಜಲ್ಲಿ ಹೇಳಿದ್ರೆ ನೀನು ಅರ್ಧ ಕೇಳಿ ಕೆಲಸಕ್ಕೆ ಇಳಿದುಬಿಡ್ತೀಯ, ನಿಮ್ಮಪ್ಪನೂ ಹಾಗೇ, ಅದಕ್ಕೇ ಕೂತ್ಕೊಂಡು ಟೈಪ್ ಮಾಡ್ತಿದೀನಿ, ಉದ್ದ ಆಯ್ತು ಅಂತ ಬೈಕೋಬೇಡ. ಮೊದಲು ಏಟು ಕೊಟ್ಟು ಸ್ಕ್ರೂ ತಿರುಗಿಸೋ ಆ ಇಂಪ್ಯಾಕ್ಟ್ ಡ್ರೈವರ್ ಆರ್ಡರ್ ಮಾಡಿದೀನಿ ಅಂದ್ಯಲ್ಲ, ಅದು ಬಂದ್ರೆ ಡಬ್ಬ ಬಿಚ್ಚದೇ ವಾಪಸ್ ಕಳಿಸು. ಅದೆಲ್ಲ ಜೆ.ಸಿ. ರೋಡಲ್ಲಿ ಗಾಡಿ ಎಂಜಿನ್ ಬಿಚ್ಚೋರಿಗೆ ಸರಿ. ತಾತನ ಎಚ್‌ಎಂವಿ 102 ಮಾಡೆಲ್ಲಿಗೆ ಅದರ ಒಂದೇಟು ಬಿದ್ರೆ ಸ್ಕ್ರೂ ಬರೋದಿರ್ಲಿ, ಸ್ಕ್ರೂ ಕೂತಿರೋ ಜಾಗಾನೇ ಸೀಳಿಹೋಗತ್ತೆ.

ಸ್ಕ್ರೂ ಹಠ ಮಾಡ್ತಿದೆ ಅಂತ ಬರೆದಿದೀಯ. ಸ್ಕ್ರೂಗೆ ಎಂಥ ಹಠನೇ? ಅದನ್ನ ಏನೋ ಹಿಡ್ಕೊಂಡಿದೆ ಅಷ್ಟೆ. ತುಕ್ಕು ಹಿಡ್ಕೊಂಡಿರಬಹುದು, ಹಳೇ ಎಣ್ಣೆ ಒಣಗಿ ಗಟ್ಟಿಯಾಗಿರಬಹುದು, ಯಾರೋ ಪುಣ್ಯಾತ್ಮರು ತಲೆ ಮೇಲೇ ವಾರ್ನಿಶ್ ಬಳಿದಿರಬಹುದು, ಇಲ್ಲಾ ಸುತ್ತ ಇರೋ ಲೋಹಾನೇ ಊದಿಕೊಂಡು ಅದನ್ನ ಹಿಸುಕ್ತಿರಬಹುದು. ಯಾವುದು ಅಂತ ಗೊತ್ತಾಗೋವರೆಗೂ ಕೈಗೆ ಬಲ ಕೊಡ್ಬೇಡ, ಯಾಕಂದ್ರೆ ಒಂದರ ಮದ್ದು ಇನ್ನೊಂದಕ್ಕೆ ವಿಷ. ನಾನು ನಿನಗೆ ಹೇಳಬೇಕಾಗಿರೋದು ಇದೊಂದೇ, ಕೆಳಗೆ ಬರೆಯೋದೆಲ್ಲ ಇದರದ್ದೇ ವಿವರ.

ಅದಕ್ಕಿಂತ ಮುಂಚೆ ಇನ್ನೊಂದು, ಇದು ಕೈಬೆರಳಿನ ವಿಷಯ. ಮೂರನೇ ಫೋಟೋದಲ್ಲಿ ನೀನು ಗವರ್ನರ್ ಬ್ರಾಕೆಟ್ ಸ್ಕ್ರೂಗೆ ಡ್ರೈವರ್ ಇಟ್ಟಿದೀಯ. ಸ್ಪ್ರಿಂಗ್ ಇಳಿಸಿದೀಯಾ ಇಲ್ವಾ? ಅದನ್ನ ನೀನು ಬರೆದೇ ಇಲ್ಲ. ಕೀ ಕೊಟ್ಟಿರೋ ಸ್ಪ್ರಿಂಗ್ ಡ್ರಮ್ಮಿನ ಒಳಗೆ ಉದ್ದದ ಉಕ್ಕಿನ ಪಟ್ಟಿ ಬಿಗಿಯಾಗಿ ಸುತ್ಕೊಂಡಿರತ್ತೆ, ಅದು ಒಂದೇ ಸಲಕ್ಕೆ ಬಿಚ್ಕೊಳ್ಳದ ಹಾಗೆ ತಡೆದು ಪ್ಲೇಟನ್ನ ನಿಮಿಷಕ್ಕೆ 78 ಸುತ್ತಿನ ಸ್ಪೀಡಲ್ಲಿ ಇಟ್ಟಿರೋದು ಆ ಮೂರು ಪುಟ್ಟ ಗುಂಡಿನ ಗವರ್ನರ್ರೇ. ಅದನ್ನ ಸಡಿಲ ಮಾಡಿದ ಕ್ಷಣ ಗೇರ್ ಎಲ್ಲ ಭರ್ ಅಂತ ತಿರುಗತ್ತೆ, ಹಲ್ಲು ಮುರಿಯತ್ತೆ, ನಿನ್ನ ಬೆರಳು ಅಲ್ಲಿದ್ರೆ ಅದೂ ಹೋಗತ್ತೆ. ಹಾಗಾಗಿ ಬ್ರೇಕ್ ತೆಗೆದು ತಾನಾಗೇ ನಿಲ್ಲೋವರೆಗೂ ಓಡಿಸು, ಆಮೇಲೆ ಪ್ಲೇಟನ್ನ ಕೈಯಲ್ಲೇ ಇನ್ನೊಂದಿಷ್ಟು ಸುತ್ತು ತಿರುಗಿಸಿ ಉಳಿದಿರೋದನ್ನೂ ಇಳಿಸು. ಆಮೇಲೇನೇ ಡ್ರೈವರ್ ಮುಟ್ಟೋದು. ಸ್ಪ್ರಿಂಗ್ ಡ್ರಮ್ಮನ್ನ ಮಾತ್ರ ಬಿಚ್ಚಲೇಬೇಡ, ಅದು ಇಳಿದಿದ್ರೂ ಒಳಗೆ ಒತ್ತಡ ಇದ್ದೇ ಇರತ್ತೆ.

ಈಗ ಡ್ರೈವರ್ ಕಥೆ. ನಿನ್ನ ಹತ್ರ ಇರೋ ಸೆಟ್ಟು ಎಸ್.ಪಿ. ರೋಡಲ್ಲಿ ಗುಡ್ಡೆ ಹಾಕಿ ಮಾರೋದು, ಅದರ ತುದಿ ನೋಡು, ಮೇಲೆ ದಪ್ಪ ಕೆಳಗೆ ತೆಳು, ಆಪಾಗಿ ಅಲ್ವಾ. ಅಂಥದ್ದನ್ನ ಸ್ಕ್ರೂ ತಲೆಯ ಗೀರಿನಲ್ಲಿ ಇಟ್ಟು ತಿರುಗಿಸಿದ್ರೆ ಅದು ಗೀರಿನ ಅಂಚನ್ನ ಹತ್ತಿ ಮೇಲಕ್ಕೆ ಜಾರತ್ತೆ, ಜಾರೋವಾಗ ಅಂಚನ್ನ ಕಿತ್ಕೊಂಡೇ ಹೋಗತ್ತೆ. ಆ ಕಾಲದ ಮೆಷಿನ್ನುಗಳಲ್ಲಿ ಇರೋದೆಲ್ಲ ಒಂದೇ ಗೀರಿನ ಸ್ಕ್ರೂ, ಗೀರು ಹೋದ್ರೆ ಹಿಡ್ಕೊಳ್ಳೋಕೆ ಬೇರೇನೂ ಇಲ್ಲ. ಫ್ಯಾಕ್ಟರಿಯಲ್ಲಿ ನಾವು ಬೆಳಿಗ್ಗೆ ಸೀಟಲ್ಲಿ ಕೂತ ತಕ್ಷಣ ಮೊದಲು ಮಾಡ್ತಿದ್ದ ಕೆಲಸ ಡ್ರೈವರ್ ತುದೀನ ಎಣ್ಣೆ ಕಲ್ಲಿನ ಮೇಲೆ ಉಜ್ಜಿ ಸರಿ ಮಾಡ್ಕೊಳ್ಳೋದು. ಜಾಲಹಳ್ಳಿ ವಾಚ್ ಫ್ಯಾಕ್ಟರಿ ಅಂದ್ರೆ ನಿಂಗೆ ಬರೀ ತಾತನ ಎಚ್‌ಎಂಟಿ ಜನತಾ ಗೊತ್ತು, 1961ರಲ್ಲಿ ಜಪಾನಿನ ಸಿಟಿಜನ್‌ನವರ ಜೊತೆ ಸೇರಿ ಶುರುವಾಗಿದ್ದು ಅದು, ಅಸೆಂಬ್ಲಿ ಲೈನಲ್ಲಿ ಸಾಲಾಗಿ ನಾವು ಹೆಂಗಸರೇ ಕಣ್ಣಿಗೆ ಲೂಪ್ ಅನ್ನೋ ಪುಟ್ಟ ಭೂತಗನ್ನಡಿ ಸಿಕ್ಕಿಸ್ಕೊಂಡು ಕೂತಿರ್ತಿದ್ವಿ, ಅಲ್ಲಿ ಸ್ಕ್ರೂ ತಲೆ ಮೇಲೆ ಒಂದು ಗೀಚು ಬಿದ್ರೆ ಆ ಪೀಸು ಪಾಸಾಗ್ತಿರ್ಲಿಲ್ಲ. ಇರ್ಲಿ, ಆ ಕಥೆ ಶುರು ಮಾಡಿದ್ರೆ ಮುಗಿಯಲ್ಲ.

ಮಾಡಬೇಕಾದ್ದು ಏನಂದ್ರೆ ತುದಿಯ ಅಗಲ ಗೀರಿನಷ್ಟೇ ಇರಬೇಕು, ದಪ್ಪ ಗೀರನ್ನ ತುಂಬಬೇಕು, ಎರಡು ಮೈನೂ ಸಮಾನಾಂತರ ಇರಬೇಕು. ಕಲ್ಲಿನ ಮೇಲೆ ಉಜ್ಜಿ ಮಾಡ್ಕೋ, ಗ್ರೈಂಡರಲ್ಲಿ ಮಾಡಿದ್ರೆ ಬಿಸಿಗೆ ಉಕ್ಕಿನ ಹದ ಇಳಿದು ಮೆತ್ತಗಾಗತ್ತೆ. ಆಮೇಲೆ ಗೀರಿನ ಒಳಗೆ ನೋಡು. ನಿನ್ನ ಫೋಟೋದಲ್ಲೇ ಕಾಣತ್ತೆ, ಎಡಗಡೆ ಸ್ಕ್ರೂ ಗೀರು ಅರ್ಧ ತುಂಬಿಹೋಗಿದೆ, ಹಿತ್ತಾಳೆ ಪಾಲಿಶ್ ಹಾಕಿ ಹಾಕಿ ಆ ಹಸಿರು ಬಿಳಿ ಗಸಿ ಕೂತ್ಬಿಟ್ಟಿದೆ. ಡ್ರೈವರ್ ಅದರ ಮೇಲೆ ನಿಂತಿದೆಯೇ ಹೊರತು ಗೀರಿನ ಒಳಗೆ ಇಳಿದೇ ಇಲ್ಲ, ಅದಕ್ಕೇ ಜಾರ್ತಿದೆ. ಸವೆದ ಗ್ರಾಮಾಫೋನ್ ಮುಳ್ಳು ತಾತನ ಡಬ್ಬಿ ತುಂಬ ಇದ್ಯಲ್ಲ, ಒಂದನ್ನ ಪಿನ್ ವೈಸಲ್ಲಿ, ಅಂದ್ರೆ ಸೂಜಿ ಹಿಡಿಯೋ ಪುಟ್ಟ ಹಿಡಿಯಲ್ಲಿ, ಸಿಕ್ಕಿಸ್ಕೊಂಡು ಗೀರಿನ ಆ ತುದಿಯಿಂದ ಈ ತುದಿವರೆಗೂ ಕೆರಿ, ಮೂಲೆನೂ ಬಿಡ್ಬೇಡ, ತಳದಲ್ಲಿ ಲೋಹ ಹೊಳೆಯೋವರೆಗೂ. ಎಷ್ಟೋ ಸಲ ಇಷ್ಟಕ್ಕೇ ಸ್ಕ್ರೂ ಬಂದುಬಿಡತ್ತೆ, ಜನ ಇದನ್ನ ಬಿಟ್ಟು ನೇರ ಎಣ್ಣೆಗೆ ಹೋಗ್ತಾರೆ.

ತಿರುಗಿಸೋವಾಗ ನಿನ್ನ ಬಲದಲ್ಲಿ ಮುಕ್ಕಾಲು ಪಾಲು ಕೆಳಗೆ ಒತ್ತೋಕೆ, ಕಾಲು ಪಾಲು ಮಾತ್ರ ತಿರುಗಿಸೋಕೆ. ಮೊದಲು ಬಿಚ್ಚೋ ಕಡೆ ಅಲ್ಲ, ಬಿಗಿ ಮಾಡೋ ಕಡೆ ಒಂದು ಕೂದಲೆಳೆಯಷ್ಟು ತಿರುಗಿಸು. ಅಂಟಿರೋದು ಬಿಟ್ಕೊಳ್ಳೋಕೆ ಯಾವ ಕಡೆ ಅಲುಗಿದ್ರೂ ಸಾಕು. ಅಲುಗಿತು ಅಂತ ಗೊತ್ತಾದ್ರೆ ಒಂದೇ ಸಲ ಎಳೀಬೇಡ, ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸ್ತಾ ಬಾ.

ಇಷ್ಟಕ್ಕೂ ಬರ್ಲಿಲ್ಲ ಅಂದ್ರೆ ಆಗ ಏನು ಹಿಡ್ಕೊಂಡಿದೆ ಅನ್ನೋ ಪ್ರಶ್ನೆ. ತಲೆ ಸುತ್ತ ಕೆಂಪು ಪುಡಿ ಇದ್ರೆ ತುಕ್ಕು. ತಾತ ಇದನ್ನ ಮಂಗಳೂರಲ್ಲಿ ಕೆಲಸದಲ್ಲಿದ್ದಾಗ ತಗೊಂಡಿದ್ದು, ವರ್ಷಗಟ್ಟಲೆ ಉಪ್ಪುಗಾಳಿ ಕುಡಿದಿರೋ ಮೆಷಿನ್ ಅದು, ಬೆಂಗಳೂರಲ್ಲೇ ಇದ್ದಿದ್ರೆ ಇಷ್ಟು ಹಾಳಾಗ್ತಿರ್ಲಿಲ್ಲ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಗೊಳ್ಳತ್ತೆ, ಥ್ರೆಡ್ಡಿನ ಸಂದಿ ಎಲ್ಲ ತುಂಬಿ ಒತ್ತಿಬಿಡತ್ತೆ, ಅದಕ್ಕೆ ಸಂದಿಗೆ ಇಳಿಯೋಂಥ ತೆಳು ಎಣ್ಣೆನೇ ಬೇಕು. ಮೊದಲೆಲ್ಲ ಸೀಮೆಎಣ್ಣೆ ಬಿಡ್ತಿದ್ವಿ, ಈಗ ಸೀಮೆಎಣ್ಣೆ ಎಲ್ಲಿ ಸಿಗತ್ತೆ, ಪೆನಿಟ್ರೇಟಿಂಗ್ ಆಯಿಲ್ ಅಂತ ಕೇಳಿದ್ರೆ ಯಾವ ಹಾರ್ಡ್‌ವೇರ್ ಅಂಗಡೀಲೂ ಕೊಡ್ತಾರೆ. ಸ್ಪ್ರೇ ಮಾಡ್ಬೇಡ, ಬಟ್ಲಿಗೆ ಬಗ್ಗಿಸ್ಕೊಂಡು ಸೂಜಿ ತುದೀಲಿ ಒಂದು ಹನಿ ತಗೊಂಡು ತಲೆ ಬುಡಕ್ಕೆ ಇಡು. ರಾತ್ರಿ ಬಿಡು, ಬೆಳಿಗ್ಗೆ ಇನ್ನೊಂದು ಹನಿ. ಮಧ್ಯೆ ಮಧ್ಯೆ ಡ್ರೈವರನ್ನ ಗೀರಲ್ಲಿ ನೆಟ್ಟಗೆ ನಿಲ್ಲಿಸಿ ಹಿಡಿ ಮೇಲೆ ಸಣ್ಣ ಸುತ್ತಿಗೇಲಿ ಟಕ್ ಟಕ್ ಅಂತ ತಟ್ಟು, ಆ ಅದುರಿಗೆ ಎಣ್ಣೆ ಇಳಿಯತ್ತೆ. ತಟ್ಟು ಅಂದೆ, ಹೊಡಿ ಅನ್ಲಿಲ್ಲ, ಬೀಡು ಕಬ್ಬಿಣ ಬಗ್ಗಲ್ಲ, ಒಡೆಯತ್ತೆ.

ಯೂಟ್ಯೂಬಲ್ಲಿ ಅಸಿಟೋನಿಗೆ ಗಾಡಿ ಗೇರ್‌ಬಾಕ್ಸಿಗೆ ಹಾಕೋ ಎಟಿಎಫ್ ಬೆರೆಸೋದು ನೋಡಿದೆ ಅಂದ್ಯಲ್ಲ, ಅದು ಕೆಲಸ ಮಾಡತ್ತೆ, ಸುಳ್ಳಲ್ಲ, ಆದ್ರೆ ಬಿಚ್ಚಿ ಹೊರಗಿಟ್ಟ ಮೋಟರಿಗೆ, ಅಂದ್ರೆ ಆ ಸ್ಪ್ರಿಂಗು ಗೇರಿನ ಯಂತ್ರಕ್ಕೆ, ಮಾತ್ರ. ಮುಚ್ಚಳದ ಒಳಗಿನ ನಾಯಿ ಚಿತ್ರ ಇದ್ಯಲ್ಲ, ಅದರ ಮೇಲೆ ಅಸಿಟೋನ್ ಒಂದು ಹನಿ ಬಿದ್ರೆ ನಾಯಿನೂ ಇಲ್ಲ ಕೊಳವೆನೂ ಇಲ್ಲ. ಪಾಲಿಶ್ ಮಾಡಿದ ಮರದ ಪೆಟ್ಟಿಗೆ ಮಾಡೆಲ್ ಯಾವತ್ತಾದ್ರೂ ಸಿಕ್ಕಿದ್ರೂ ಅಷ್ಟೆ, ಅದರ ಪಾಲಿಶ್ ಹೆಚ್ಚಾಗಿ ಅರಗಿಂದ ಮಾಡಿದ್ದು, ಸ್ಪಿರಿಟ್ಟಿಗೆ ಕರಗತ್ತೆ, ಅಸಿಟೋನಿಗೂ ಕೆಡತ್ತೆ. ಅಂದಹಾಗೆ ತಾತನ ಆ ದಪ್ಪ ರೆಕಾರ್ಡ್‌ಗಳಲ್ಲಿರೋದೂ ಅರಗೇ, ಆ ಕಾಲಕ್ಕೆ ಪ್ರಪಂಚಕ್ಕೆಲ್ಲ ಅರಗು ಹೋಗ್ತಿದ್ದಿದ್ದು ಹೆಚ್ಚಾಗಿ ನಮ್ಮ ದೇಶದಿಂದಾನೇ, ಹಾಗಾಗಿ ರೆಕಾರ್ಡ್ ಒರೆಸೋಕೆ ಸ್ಯಾನಿಟೈಸರ್ ತಗೊಂಡೀಯ ಜೋಕೆ.

ತಲೆ ಸುತ್ತ ಕಂದು ಬಣ್ಣದ ಹೊಳೆಯೋ ಕಲೆ ಇದ್ರೆ ಅದು ಒಣಗಿದ ಎಣ್ಣೆ, ಅದಕ್ಕೆ ಶಾಖ ಸಾಕು. ಸೋಲ್ಡರಿಂಗ್ ಐರನ್ ತುದೀನ ಸ್ಕ್ರೂ ತಲೆ ಮೇಲೆ ಒಂದೆರಡು ನಿಮಿಷ ಇಟ್ಟು ತೆಗಿ, ಬಿಸಿ ಇರೋವಾಗಲೇ ಮೇಣದ ಬತ್ತಿ ಮುಟ್ಟಿಸು, ಮೇಣ ಕರಗಿ ಸಂದಿಗೆ ತಾನಾಗೇ ಎಳ್ಕೊಳ್ಳತ್ತೆ. ತುಕ್ಕಿಗೂ ಇದು ಆಗತ್ತೆ, ಉಕ್ಕು ಹಿಗ್ಗಿ ಕುಗ್ಗೋವಾಗ ತುಕ್ಕಿನ ಪದರ ಬಿರುಕು ಬಿಡತ್ತೆ. ಹಿತ್ತಾಳೆ ಪ್ಲೇಟಲ್ಲಿ ಉಕ್ಕಿನ ಸ್ಕ್ರೂ ಇದ್ರೆ ಪ್ಲೇಟನ್ನೂ ಬಿಸಿ ಮಾಡು, ಹಿತ್ತಾಳೆ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗತ್ತೆ, ತೂತು ಸಡಿಲ ಆಗತ್ತೆ. ಎಣ್ಣೆ ಬಿಟ್ಟಿರೋ ಕಡೆ, ಅದರಲ್ಲೂ ಅಸಿಟೋನ್ ಬಿಟ್ಟಿರೋ ಕಡೆ ಬಿಸಿ ಮಾಡ್ಬೇಡ, ಹೊತ್ಕೊಳ್ಳತ್ತೆ, ಇದನ್ನೂ ಹೇಳಬೇಕಾ ಅಂತ ಅನ್ಕೋಬೇಡ. ಮೋಟರ್ ಕೂತಿರೋ ಬೋರ್ಡ್ ಸುತ್ತ ಪೆಟ್ಟಿಗೆಗೆ ಹೊಡೆದಿರೋದು ಮರಕ್ಕೆ ಹಾಕೋ ಸ್ಕ್ರೂ, ಅದಕ್ಕೂ ಐರನ್ ಬಿಸಿನೇ, ಎಣ್ಣೆ ಬೇಡ, ಮರ ಕುಡಿದು ಕಲೆ ಆಗತ್ತೆ.

ಇನ್ನು ಸೌಂಡ್ ಬಾಕ್ಸ್, ಮುಳ್ಳು ಸಿಕ್ಕಿಸೋ ಆ ಗುಂಡು ಡಬ್ಬಿ. ನೀನು ಅತಿ ಹೆಚ್ಚು ಬಲ ಹಾಕಿರೋದು ಅಲ್ಲೇ ಅಂತ ಕಾಣತ್ತೆ, ನಂಗೆ ಭಯ ಇರೋದೂ ಅಲ್ಲೇ. ಆಗಿನ ಕಾಲದ ಎಷ್ಟೋ ಸೌಂಡ್ ಬಾಕ್ಸು, ಅದನ್ನ ಹಿಡಿದಿರೋ ಟೋನ್ ಆರ್ಮಿನ ಬ್ರಾಕೆಟ್ಟು ಎಲ್ಲ ಸತುವಿನ ಮಿಶ್ರಲೋಹದ ಎರಕ, ಪಾಟ್ ಮೆಟಲ್ ಅಂತಾರೆ. ಅದರೊಳಗೆ ಸೀಸದ ಕಲ್ಮಶ ಸ್ವಲ್ಪ ಸೇರಿದ್ರೂ ವರ್ಷ ಕಳೀತಾ ಕಳೀತಾ ಒಳಗಿಂದಾನೇ ಕೆಟ್ಟು ಊದಿಕೊಳ್ಳತ್ತೆ, ಸಣ್ಣ ಸಣ್ಣ ಬಿರುಕು ಬಿಡತ್ತೆ, ಕೊನೆಗೆ ಹಳೇ ರಸ್ಕಿನ ಥರ ಕೈಯಲ್ಲೇ ಪುಡಿ ಆಗತ್ತೆ. ಊದಿದ ಲೋಹ ಸ್ಕ್ರೂನ ಸುತ್ತಲಿಂದ ಅಮುಕಿ ಹಿಡಿದಿರತ್ತೆ, ತುಕ್ಕು ಅಲ್ಲ ಅದು, ಎಣ್ಣೆಗೆ ಅಲ್ಲಿ ಕೆಲಸಾನೇ ಇಲ್ಲ. ಜೋರಾಗಿ ತಿರುಗಿಸಿದ್ರೆ ಸ್ಕ್ರೂ ಕೂತಿರೋ ಕಿವಿಯಂಥ ಭಾಗಾನೇ ಕಿತ್ಕೊಂಡು ಬರತ್ತೆ. ಹಗಲು ಬೆಳಕಲ್ಲಿ ಭೂತಗನ್ನಡಿ ಹಿಡ್ಕೊಂಡು ನೋಡು, ಬಣ್ಣದ ಕೆಳಗೆ ಕೂದಲಿನಂಥ ಗೆರೆ, ಬೂದು ಬಿಳುಪು ಕಲೆ, ಅಂಚಲ್ಲಿ ಸೊಟ್ಟ ಏನಾದ್ರೂ ಕಂಡ್ರೆ ಅಲ್ಲಿಗೆ ಕೈ ಬಿಡು. ಆ ಸ್ಕ್ರೂ ಬರದೇ ಇದ್ರೂ ಪರವಾಗಿಲ್ಲ, ಹಾಗೇ ಇರ್ಲಿ. ಗೆರೆ ಏನೂ ಇಲ್ಲ ಅಂದ್ರೂ ಹೇರ್ ಡ್ರೈಯರಿನ ಬಿಸಿಗಿಂತ ಜಾಸ್ತಿ ಕೊಡ್ಬೇಡ, ಒಳಗೆ ಡಯಾಫ್ರಂ ಇದೆ, ಅದುರಿ ಶಬ್ದ ಮಾಡೋ ತೆಳು ತಗಡು, ಅದರ ಸುತ್ತ ರಬ್ಬರ್ ಇದೆ.

ಮುಳ್ಳು ಹಿಡಿಯೋ ಆ ಪುಟ್ಟ ತಿರುಪು ಬರ್ತಿಲ್ಲ ಅಂತ ಇಕ್ಕಳ ಹಾಕಿದೀಯ, ಹಲ್ಲಿನ ಗುರುತು ಕಾಣತ್ತೆ. ಹಳೇ ಬೆಲ್ಟಿನ ಚರ್ಮದ ತುಂಡು ಸುತ್ತಿ ಹಿಡ್ಕೊಂಡು ತಿರುಗಿಸಬೇಕು, ಇನ್ನೊಂದು ಕೈಲಿ ಮುಳ್ಳಿನ ತೋಳನ್ನೇ ಹಿಡ್ಕೊಂಡಿರಬೇಕು, ಇಲ್ಲಾಂದ್ರೆ ತಿರುಚಿದ ಬಲ ಎಲ್ಲ ಹೋಗಿ ಡಯಾಫ್ರಂ ಮೇಲೆ ಬೀಳತ್ತೆ.

ಆಯ್ತು, ಗವರ್ನರ್ ಪಕ್ಕದ ಒಂದು ಸ್ಕ್ರೂ ತಲೆ ಆಗಲೇ ಹಾರಿಹೋಗಿದೆ ಅಂದ್ಯಲ್ಲ. ಅದು ಹಿತ್ತಾಳೆ ಪೀಸಲ್ಲಿ ಕೂತಿದ್ರೆ ನಿನ್ನ ಅದೃಷ್ಟ. ಗ್ರಂಧಿಗೆ ಅಂಗಡೀಲಿ ಪಟಿಕ ತಗೋ, ಕ್ಷೌರ ಆದ್ಮೇಲೆ ಕೆನ್ನೆಗೆ ಉಜ್ಜುತ್ತಿದ್ರಲ್ಲ ಅದೇ. ಬಿಸಿ ನೀರಿಗೆ ಇನ್ನು ಕರಗಲ್ಲ ಅನ್ನೋವಷ್ಟು ಹಾಕಿ ಗಾಜಿನ ಬಾಟ್ಲಲ್ಲಿ ಆ ಹಿತ್ತಾಳೆ ಪೀಸನ್ನ ಮುಳುಗಿಸಿ ಬೆಚ್ಚಗೆ ಇಡು. ಪಟಿಕದ ನೀರು ಉಕ್ಕನ್ನ ತಿನ್ನತ್ತೆ, ಹಿತ್ತಾಳೆ ಮುಟ್ಟಲ್ಲ. ಮುರಿದ ತುಂಡಿನಿಂದ ಸಣ್ಣ ಗುಳ್ಳೆ ಏಳ್ತಿದ್ರೆ ಕೆಲಸ ಆಗ್ತಿದೆ ಅಂತ ಅರ್ಥ, ಕಪ್ಪು ಗಸಿ ಬಂದಾಗ ಬ್ರಷ್ಷಲ್ಲಿ ಉಜ್ಜಿ ಹೊಸ ನೀರು ಹಾಕು, ದಿನಗಟ್ಟಲೆ ಹಿಡಿಯತ್ತೆ. ವಾಚ್ ರಿಪೇರಿಯವರ ಹಳೇ ಉಪಾಯ ಇದು. ಆದ್ರೆ ಆ ಪೀಸಿಗೆ ಸೇರ್ಕೊಂಡಿರೋ ಬೇರೆ ಉಕ್ಕೆಲ್ಲ ಮೊದಲೇ ತೆಗೆದಿರಬೇಕು, ಪಿನ್ನು, ಶಾಫ್ಟು, ಸ್ಪ್ರಿಂಗು, ಏನೂ ಉಳೀಬಾರದು, ಪಟಿಕಕ್ಕೆ ಯಾವುದು ಬೇಕು ಯಾವುದು ಬೇಡ ಅಂತ ಗೊತ್ತಾಗಲ್ಲ. ಸತುವಿನ ಎರಕವನ್ನಂತೂ ಅದರ ಹತ್ರ ಕೂಡ ಒಯ್ಯಬೇಡ. ಉಕ್ಕಿನೊಳಗೆ ಉಕ್ಕು ಮುರಿದಿದ್ರೆ ಪಟಿಕ ನಡೆಯಲ್ಲ, ಪೀಣ್ಯದಲ್ಲಿ ಒಳ್ಳೇ ಲೇತ್ ಕೆಲಸದವರ ಹತ್ರ ಹೋಗೋಣ, ನೀನು ಕೈ ಡ್ರಿಲ್ಲಲ್ಲಿ ತೂತು ಹಾಕೋಕೆ ಹೋಗ್ಬೇಡ, ಬಿಟ್ ಪಕ್ಕಕ್ಕೆ ಜಾರಿ ಸ್ಕ್ರೂ ಬಿಟ್ಟು ಸುತ್ತ ಇರೋ ಲೋಹಾನೇ ಕೊರೆಯತ್ತೆ.

ಬಿಚ್ಚಿದ ಸ್ಕ್ರೂನ ಎಸೀಬೇಡ, ಎಷ್ಟೇ ಸೊಟ್ಟಗಿರ್ಲಿ. ಇಂಗ್ಲೆಂಡಿನ ಮೆಷಿನ್ನುಗಳಲ್ಲಿ ಹೆಚ್ಚಾಗಿ ಇರೋದು ಬಿಎ, ಅಂದ್ರೆ ಬ್ರಿಟಿಷ್ ಅಸೋಸಿಯೇಷನ್ ಅನ್ನೋ ಹಳೇ ಅಳತೆಯ ಥ್ರೆಡ್, ಅಂಗಡೀಲಿ ಈಗ ಸಿಗೋದು ಮೆಟ್ರಿಕ್. 6ಬಿಎ ಅಂದ್ರೆ 2.8 ಮಿಲಿಮೀಟರ್, ಅದಕ್ಕೆ ನಮ್ಮ 3 ಮಿಲಿಮೀಟರಿನ ಎಂ3 ಮೊದಲ ಒಂದು ಸುತ್ತು ಹೋದ ಹಾಗೆ ಮಾಡತ್ತೆ, ಆಮೇಲೆ ಬಿಗಿ ಆಗತ್ತೆ, ಸರಿ ಕೂತಿದೆ ಅಂತ ನೀನು ತಿರುಗಿಸ್ತೀಯ, ಅಲ್ಲಿಗೆ ತೂತಿನ ಥ್ರೆಡ್ ಹೋಯ್ತು. ಥ್ರೆಡ್ಡಿನ ಕೋನಾನೇ ಬೇರೆ, ಬಿಎದು 47.5 ಡಿಗ್ರಿ, ಮೆಟ್ರಿಕ್‌ದು 60. ರಟ್ಟಿನ ಮೇಲೆ ಮೋಟರಿನ ಚಿತ್ರ ಬರೆದು ಆಯಾ ತೂತಿನ ಜಾಗದಲ್ಲೇ ಆಯಾ ಸ್ಕ್ರೂ ಚುಚ್ಚಿಡು, ಒಂದೇ ಥರ ಕಾಣೋ ಎರಡು ಸ್ಕ್ರೂಗೆ ಉದ್ದ ಬೇರೆ ಇರತ್ತೆ, ಅದಲು ಬದಲು ಆದ್ರೆ ಉದ್ದದ್ದು ಹೋಗಿ ಗೇರಿಗೆ ತಾಗತ್ತೆ. ವಾಪಸ್ ಹಾಕೋವಾಗ ಲೋಹಕ್ಕೆ ಒಂದು ತೊಟ್ಟು ಗ್ರೀಸು, ಮರಕ್ಕೆ ಮೇಣ. ನಿನ್ನ ಆಮೇಲೆ ಯಾರು ಬಿಚ್ತಾರೋ ಅವರು ಬೈಯಬಾರದು ನೋಡು.

ಭಾನುವಾರ ಬಾ. ಪೆಟ್ಟಿಗೆ ಬೇಡ, ಮೋಟರ್ ಬೋರ್ಡು, ಸೌಂಡ್ ಬಾಕ್ಸು, ಆ ಮುರಿದ ಪೀಸು ಇಷ್ಟೇ ಹಳೇ ಟವಲ್ಲಲ್ಲಿ ಸುತ್ಕೊಂಡು ಬಾ. ಜಯನಗರದಿಂದ ಜಾಲಹಳ್ಳಿಗೆ ಗ್ರೀನ್ ಲೈನಲ್ಲಿ ಸೀದಾ ಬರಬಹುದು, ಆದ್ರೆ ಸ್ಕ್ರೂಡ್ರೈವರ್ ಸುತ್ತಿಗೆ ಎಲ್ಲ ಬ್ಯಾಗಲ್ಲಿ ಹಾಕ್ಕೊಂಡು ಬಂದು ಮೆಟ್ರೋ ಚೆಕಿಂಗಲ್ಲಿ ಸಿಕ್ಕಿಹಾಕ್ಕೋಬೇಡ, ನನ್ನ ಹತ್ರ ಎಲ್ಲ ಇದೆ. ಪಟಿಕ ಮಾತ್ರ ತಗೊಂಡು ಬಾ, ಕಾಲು ಕೆ.ಜಿ. ಸಾಕು.

ಇಂತಿ ನಿನ್ನ ಅತ್ತೆ