ಸಂಪಾದಕೀಯ: ಸಣ್ಣಜ್ಜನ ಟ್ರಂಕು, ಭಾವನ ಸಂಘ

ಪ್ರಿಯ ಬಂಧುಗಳೇ,

ನಾಳೆ ಬೆಳಿಗ್ಗೆ ಸಂಚಿಕೆ ಪ್ರಿಂಟಿಗೆ ಹೋಗಬೇಕು, ಈಗ ರಾತ್ರಿ ಹನ್ನೊಂದು ದಾಟಿದೆ. ರಾಜ್ಯೋತ್ಸವದ ಬಗ್ಗೆ ಬರೆಯಬೇಕು ಅಂತ ಕೂತಿದ್ದೆ. ಆದರೆ ಕಳೆದ ಶನಿವಾರ ಇಲ್ಲಿ ಬ್ರಿಟನ್ನಿನ ನಮ್ಮ ಕನ್ನಡ ತರಗತಿಯಲ್ಲಿ ಆದದ್ದು ತಲೆಯಿಂದ ಹೋಗುತ್ತಿಲ್ಲ. ‘ನನ್ನ ಅಪ್ಪ’ ಅಂತ ನಾಲ್ಕು ಸಾಲು ಬರೆಯಲು ಮಕ್ಕಳಿಗೆ ಹೇಳಿದ್ದೆವು. ನನ್ನ ಅಕ್ಕನ ಮಗಳು ಎದ್ದು ನಿಂತು ಓದಿದಳು: “ನನ್ನ ಅಪ್ಪ ಗುಟ್ಟಿನ ಸಂಘಕ್ಕೆ ಹೋಗುತ್ತಾರೆ. ಆ ದಿನ ಅಮ್ಮ ಮಾತಾಡುವುದಿಲ್ಲ.” ಹಿಂದೆ ಕೂತಿದ್ದ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗುವಿಗೆ ತಾನೇನೋ ತಪ್ಪು ಓದಿದೆ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಹೌದು, ಭಾವ ಈ ವರ್ಷ ಫ್ರೀಮೇಸನ್ ಆದರು, ಅಂದರೆ ಗುಟ್ಟಿನ ಗುರುತುಗಳನ್ನು ಇಟ್ಟುಕೊಂಡ ಒಂದು ಹಳೆಯ ಗಂಡಸರ ಸಂಘಕ್ಕೆ ಸೇರಿದರು. ನಿಮ್ಮಲ್ಲಿ ತುಂಬಾ ಜನರಿಗೆ ಇದು ಆಗಲೇ ಗೊತ್ತುಂಟು, ಗೊತ್ತಿಲ್ಲದ ಹಾಗೆ ಇದ್ದೀರಿ. ಅಕ್ಕ, ಭಾವ ಇಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಸುದ್ದಿ ಊರು ತಲುಪಲು ಹೊತ್ತೇನೂ ಬೇಕಾಗಲಿಲ್ಲ. ಕಾಸರಗೋಡಿನ ಬದಿಯಡ್ಕದಿಂದ ಅಮ್ಮ ಫೋನ್ ಮಾಡಿ ಮೊದಲು ಕೇಳಿದ್ದು, “ಅಲ್ಲಿ ಸೇರಿದರೆ ಜನಿವಾರ ತೆಗೀಬೇಕಾ?” ಪೆರ್ಲದಲ್ಲಿರುವ ಭಾವನ ಅಪ್ಪ ಕೇಳಿದ್ದು, “ಎಷ್ಟು ದುಡ್ಡು ಕಟ್ಟಿದ?” ಭಾವನ ಅಮ್ಮ ಯಾರನ್ನೂ ಏನೂ ಕೇಳದೆ ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿಕೊಂಡರು. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ, ಫ್ರೀಮೇಸನ್ನರೇ ಜಗತ್ತನ್ನು ಆಳುವುದು ಎನ್ನುವ ವಿಡಿಯೊಗಳನ್ನು ಒಂದರ ಮೇಲೊಂದು ಕಳಿಸಿದ. ದೊಡ್ಡಪ್ಪ ಮಾತ್ರ ಒಂದೇ ಮಾತು ಹೇಳಿದರು: “ಅಪ್ಪಚ್ಚಿಯ ಮನೆಯಲ್ಲಿ ಆದ ಹಾಗೆ ಆಗದಿದ್ದರೆ ಸಾಕು.”

ಅವರಿಗೆ ಅಪ್ಪಚ್ಚಿ, ನಮಗೆ ಸಣ್ಣಜ್ಜ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವವರೆಗೆ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆಡಳಿತ ಮದ್ರಾಸಿನದು. ಕಲಿತ ಹುಡುಗರು ಕೆಲಸಕ್ಕೆ ಮದ್ರಾಸಿನ ರೈಲು ಹತ್ತುತ್ತಿದ್ದರು. ಸಣ್ಣಜ್ಜನೂ ಹಾಗೆಯೇ ಹೋದವರು. ಅಲ್ಲಿ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಿವೃತ್ತಿಯಾದ ಮೇಲೆ ತೋಟಕ್ಕೆ ವಾಪಸು ಬಂದರು. ನನಗೆ ನೆನಪಿರುವುದು ಜಿಂಕೆ ಚರ್ಮದ ಮೇಲೆ ಕೂತು ಜಪ ಮಾಡುತ್ತಿದ್ದ, ಮಾತು ಕಡಿಮೆಯ, ನಮಗೆಲ್ಲ ಪೆಪ್ಪರಮಿಂಟ್ ಕೊಡುತ್ತಿದ್ದ ಅಜ್ಜ. ಅವರು ತೀರಿಕೊಂಡು ಬೊಜ್ಜ (ಉತ್ತರಕ್ರಿಯೆ) ಕಳೆದ ಮೇಲೆ ಅಟ್ಟದಲ್ಲಿದ್ದ ಅವರ ಟ್ರಂಕು ಇಳಿಸಿದರು. ನಾವು ಮಕ್ಕಳು ಸುತ್ತ ನಿಂತಿದ್ದೆವು. ಒಳಗೆ ಮಲ್ಲು ಬಟ್ಟೆಯಲ್ಲಿ ಸುತ್ತಿಟ್ಟ ಬಿಳಿ ಕುರಿಮರಿ ಚರ್ಮದ ಏಪ್ರನ್, ನೀಲಿ ಅಂಚಿನ ಇನ್ನೊಂದು, ಕೈವಾರ ಮತ್ತು ಮೂಲೆಮಟ್ಟ ಒಂದರ ಮೇಲೊಂದು ಇರುವ ಬಿಲ್ಲೆ. ಒಂದು ಪುಟ್ಟ ಪುಸ್ತಕ, ಅದರಲ್ಲಿ ಎಷ್ಟೋ ಶಬ್ದಗಳಿಗೆ ಮೊದಲ ಅಕ್ಷರ ಮಾತ್ರ, ಉಳಿದದ್ದು ಖಾಲಿ. ಒಂದು ಫೋಟೋದಲ್ಲಿ ಏಪ್ರನ್ ಕಟ್ಟಿಕೊಂಡ ಗಂಡಸರ ಸಾಲು, ಅದರಲ್ಲಿ ಬಿಳಿಯರು, ತಮಿಳರು, ಮುಸ್ಲಿಮರು, ಕೊನೆಯಲ್ಲಿ ನಮ್ಮ ಸಣ್ಣಜ್ಜ.

ಆ ಮಳೆಗಾಲ ಅಡಿಕೆಗೆ ಕೊಳೆರೋಗ ಜೋರು. ಕರು ಹಾಕಿದ ದನವೂ ಸತ್ತಿತ್ತು. ಪಕ್ಕದ ಮನೆಯವರು ಬಿಲ್ಲೆ ನೋಡಿ “ಇದು ಮಾಟದ ಸಾಮಾನು” ಅಂದುಬಿಟ್ಟರು. ಅಷ್ಟೇ ಸಾಕಾಯಿತು. ಚರ್ಮದ ಮೇಲೆಯೇ ಕೂತು ಜಪ ಮಾಡಿದ ಮನುಷ್ಯ, ಅವರ ಟ್ರಂಕಿನಲ್ಲಿ ಇನ್ನೊಂದು ಚರ್ಮ ಕಂಡರೆ ಮೈಲಿಗೆ! ಜೋಯಿಸರನ್ನು ಕರೆಸಿ ತಾಂಬೂಲ ಪ್ರಶ್ನೆ ಇಟ್ಟರು. ಅವರು ಏನೂ ದೋಷವಿಲ್ಲ ಅಂದರು, ಆದರೂ ಯಾರಿಗೂ ಸಮಾಧಾನ ಆಗಲಿಲ್ಲ. ಒಂದು ದಿನ ದೊಡ್ಡಪ್ಪ ಟ್ರಂಕನ್ನು ಹೊಳೆಗೆ ಹಾಕಿ ಬಂದರು. ಸಣ್ಣಜ್ಜಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಅದಾದ ಮೇಲೆ ಮದ್ರಾಸಿನಿಂದ ಇಬ್ಬರು ವಯಸ್ಸಾದವರು ಬಂದರು. ಒಬ್ಬರು ತಮಿಳರು, ಒಬ್ಬರು ಮುಸ್ಲಿಮರು. ಕಾಸರಗೋಡು ಸ್ಟೇಷನ್ನಿನಲ್ಲಿ ಇಳಿದು, ಬಸ್ಸು ಹಿಡಿದು, ಗುಡ್ಡ ಹತ್ತಿ ಬಂದಿದ್ದರು. ಗೆಳೆಯನ ಹೆಂಡತಿಯನ್ನು ನೋಡಿ ಮಾತಾಡಿಸಿ ಹೋಗಬೇಕು, ಏನಾದರೂ ಬೇಕಾ ಕೇಳಬೇಕು ಅಂತ. ಮನೆಯವರು ಜಗಲಿಯಲ್ಲೇ ಕೂರಿಸಿ ಬೆಲ್ಲ ನೀರು ಕೊಟ್ಟರು. ಒಳಗೆ ಕರೆಯಲಿಲ್ಲ, ಸಣ್ಣಜ್ಜಿಗೂ ಹೇಳಲಿಲ್ಲ. ಅವರು ಇಂಗ್ಲಿಷಿನಲ್ಲಿ ಏನೋ ಹೇಳಿದರು, ದೊಡ್ಡಪ್ಪ ತಲೆ ಆಡಿಸಿದರು, ಅವರು ಹೋದರು. ಅಂಗಳದ ತುದಿಯಲ್ಲಿ ನಿಂತು ಒಬ್ಬರು ಮನೆಯ ಕಡೆಗೆ ಕೈ ಮುಗಿದದ್ದು ನಾನು ಕಂಡಿದ್ದೇನೆ. ಎಷ್ಟೋ ವರ್ಷದ ನಂತರ, ನಾನು ಕಾಲೇಜಿಗೆ ಹೋಗುವಾಗ, ಸಣ್ಣಜ್ಜಿ ಗಂಡನ ಬಗ್ಗೆ ನನ್ನ ಹತ್ತಿರ ಹೇಳಿದರು: “ಅವರು ಒಂದು ಮಾತು ನನಗೆ ಹೇಳಿದ್ದರೆ, ಆ ಟ್ರಂಕಿಗೆ ಅಡ್ಡ ನಾನೇ ನಿಲ್ಲುತ್ತಿದ್ದೆ. ಗೊತ್ತಿಲ್ಲದ್ದಕ್ಕೆ ಏನು ಅಂತ ಜಗಳ ಮಾಡುವುದು?”

ಇದನ್ನೆಲ್ಲ ಭಾವನಿಗೆ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, ಮರುದಿನವೇ ವಿಡಿಯೊ ಕಾಲ್ ಹಾಕಿ ಎರಡೂ ಮನೆಯವರನ್ನು ಒಟ್ಟಿಗೆ ಕೂರಿಸಿದರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಜನಿವಾರ ತೆಗೆಯಬೇಕಾಗಿಲ್ಲ. ದೇವರನ್ನು ನಂಬದವನಿಗೆ ಅಲ್ಲಿ ಪ್ರವೇಶವೇ ಇಲ್ಲ, ಯಾವ ದೇವರು ಅಂತ ಯಾರೂ ಕೇಳುವುದಿಲ್ಲ. ಪ್ರಮಾಣ ಮಾಡುವಾಗ ಅವರವರ ಧರ್ಮಗ್ರಂಥ, ಭಾವ ಭಗವದ್ಗೀತೆಯ ಮೇಲೆ ಕೈಯಿಟ್ಟರು. ಸಭೆಯಲ್ಲಿ ಮತದ ಚರ್ಚೆ, ರಾಜಕೀಯದ ಚರ್ಚೆ ಮಾಡುವ ಹಾಗಿಲ್ಲ. ಕಲ್ಲುಕೆಲಸದವರ ಸಲಕರಣೆಗಳನ್ನು ಇಟ್ಟುಕೊಂಡು ನಡತೆಯ ಪಾಠ ಹೇಳುತ್ತಾರೆ, ಮೂರು ಹಂತ, ಆಮೇಲೆ ಊಟ, ದಾನಕ್ಕೆ ಹಣ ಸೇರಿಸುವುದು. 1717ರಲ್ಲಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ (ಸಂಘದ ಶಾಖೆಗಳ ಮೇಲಿನ ಸಂಸ್ಥೆ) ಆಯಿತು, ಭಾರತಕ್ಕೆ ತನ್ನದೇ ಗ್ರ್ಯಾಂಡ್ ಲಾಡ್ಜ್ ಆದದ್ದು 1961ರಲ್ಲಿ. ವಿವೇಕಾನಂದರು ಸನ್ಯಾಸಿ ಆಗುವ ಮೊದಲು, 1884ರಲ್ಲಿ, ಕಲ್ಕತ್ತಾದಲ್ಲಿ ಸೇರಿದ್ದರು ಅಂದಾಗ ಅಮ್ಮನ ಮುಖ ಸ್ವಲ್ಪ ಸಡಿಲವಾಯಿತು. ದುಡ್ಡಿನ ಲೆಕ್ಕವನ್ನೂ ಭಾವ ಬಿಚ್ಚಿಟ್ಟರು: ಸೇರುವಾಗ ಎಷ್ಟು, ವರ್ಷಕ್ಕೆ ಎಷ್ಟು. ಅವರ ಅಪ್ಪ “ಇಷ್ಟೇಯಾ” ಅಂದರು.

ಹಾಗಾದರೆ ಗುಟ್ಟು ಯಾವುದು? ಒಬ್ಬರನ್ನೊಬ್ಬರು ಗುರುತು ಹಿಡಿಯುವ ಕೈಸನ್ನೆ, ಕೆಲವು ಶಬ್ದ. ಸದಸ್ಯ ಅಂತ ಹೇಳಿಕೊಳ್ಳಲು ಅಡ್ಡಿಯಿಲ್ಲ. ಲಂಡನ್ನಿನ ಗ್ರೇಟ್ ಕ್ವೀನ್ ಸ್ಟ್ರೀಟಿನಲ್ಲಿ ಅವರ ದೊಡ್ಡ ಕಟ್ಟಡವೇ ಉಂಟು, ಮೊದಲ ಮಹಾಯುದ್ಧದಲ್ಲಿ ಸತ್ತ ಸದಸ್ಯರ ನೆನಪಿಗೆ ಕಟ್ಟಿ 1933ರಲ್ಲಿ ಮುಗಿಸಿದ್ದು. ಅದರ ಮ್ಯೂಸಿಯಂ ಯಾರು ಬೇಕಾದರೂ ನೋಡಬಹುದು. ಅಕ್ಕ, ಮಗಳು, ನಾನು ಹೋಗಿ ನೋಡಿ ಬಂದೆವು. ಸಣ್ಣಜ್ಜನ ಟ್ರಂಕಿನಲ್ಲಿದ್ದಂಥದ್ದೇ ಏಪ್ರನ್ ಗಾಜಿನ ಒಳಗೆ ಇಟ್ಟಿದ್ದರು. 1908ರಲ್ಲಿ ಶುರುವಾಗಿ ಈಗ ಹೆಂಗಸರದ್ದೇ ಆದ ಬೇರೆ ಸಂಘ ಇಲ್ಲಿ ಉಂಟು ಅಂತಲೂ ಅಕ್ಕನಿಗೆ ಗೊತ್ತಾಯಿತು. “ನನಗೆ ಅದೂ ಬೇಡ, ಅವರ ಕೈಸನ್ನೆಯೂ ಬೇಡ” ಅಂದಳು.

ಅಕ್ಕನ ನೋವು ಬೇರೆ. ಸೇರಿಸಿಕೊಳ್ಳುವ ಮೊದಲು ಸಂಘದವರು ಭಾವನನ್ನು “ಮನೆಯಲ್ಲಿ ಒಪ್ಪಿಗೆ ಉಂಟಾ” ಅಂತ ಕೇಳಿದ್ದರು. ಭಾವ ಅಕ್ಕನನ್ನು ಕೇಳದೆಯೇ “ಉಂಟು” ಅಂದಿದ್ದರು. ಇದು ಸಣ್ಣ ವಿಷಯ ಅಲ್ಲ. ಗಂಡ ವಾರದ ಒಂದು ಸಂಜೆ ಎಲ್ಲಿಗೆ ಹೋಗುತ್ತಾನೆ ಅನ್ನುವುದಕ್ಕಿಂತ, ತನ್ನ ಒಪ್ಪಿಗೆಯನ್ನು ತನಗೇ ಗೊತ್ತಿಲ್ಲದೆ ಕೊಟ್ಟುಬಿಟ್ಟ ಅನ್ನುವುದು ಹೆಂಡತಿಗೆ ಜಾಸ್ತಿ ತಾಗುತ್ತದೆ. ಭಾವ ಇದನ್ನು ಒಪ್ಪಿದ್ದಾರೆ, “ಇದನ್ನೂ ಬರಿ” ಅಂದದ್ದೂ ಅವರೇ. ಅವರ ಮೇಲೆ ನನಗೆ ಗೌರವ ಹೆಚ್ಚಾದದ್ದು ಆಗ. ಅಕ್ಕ ಇನ್ನೂ ಪೂರ್ತಿ ಸರಿಯಾಗಿಲ್ಲ, ಅವಳಿಗೆ ಸಮಯ ಬೇಕು, ಅದು ಅವಳ ಹಕ್ಕು.

ಎಲ್ಲ ಮನೆಯಲ್ಲೂ ಹೀಗೇ ಮುಗಿಯಬೇಕು ಅಂತಿಲ್ಲ. ಬೇಳದ ಕಡೆಯ ನನ್ನ ಕೊಂಕಣಿ ಕ್ಯಾಥೊಲಿಕ್ ಗೆಳತಿಯ ಅಣ್ಣನಿಗೂ ಒಮ್ಮೆ ಆಹ್ವಾನ ಬಂದಿತ್ತು, ಮನೆಯವರು ಬೇಡ ಅಂದರು. ಅವರ ಕಾರಣ ಗಟ್ಟಿಯಾದದ್ದು: 1738ರಲ್ಲೇ ಪೋಪ್ ಕ್ಯಾಥೊಲಿಕರಿಗೆ ಇದನ್ನು ನಿಷೇಧಿಸಿದ್ದರು, 1983ರಲ್ಲಿ ವ್ಯಾಟಿಕನ್ ಮತ್ತೆ ಅದನ್ನೇ ಹೇಳಿತು. ಅವರನ್ನು ಹೆದರುಪುಕ್ಕಲರು ಅನ್ನುವುದು ಅನ್ಯಾಯ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಅಡುಗೆಮನೆಯ ಮೂಲೆಯಲ್ಲಿ ಅಕ್ಕನನ್ನು ನಿಲ್ಲಿಸಿ “ಹೌದಾ, ಅಲ್ಲಿ ಎಂಥ ಮಾಡ್ತಾರಂತೆ?” ಅಂತ ಕೇಳಬೇಡಿ. ಭಾವ ಅಲ್ಲೇ ಸಭೆಯ ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಾ ಇರುತ್ತಾರೆ, ಅವರನ್ನೇ ಕೇಳಿ. ಮಗಳ ಜೊತೆ ಆಡುವುದನ್ನು ನಿಮ್ಮ ಮಕ್ಕಳಿಗೆ ನಿಲ್ಲಿಸಬೇಡಿ. ಇಬ್ಬರು ಹಾಗೆ ಮಾಡಿದ್ದೀರಿ, ಅದು ನನಗೆ ತುಂಬಾ ನೋವು ಕೊಟ್ಟಿದೆ.

ಇನ್ನು ಸೂಚನೆಗಳು, ಜಾಗ ಕಡಿಮೆ. ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ, ಮಧ್ಯಾಹ್ನ ಎರಡಕ್ಕೆ, ಯಾವಾಗಿನ ಹಾಲ್. ಗಡಿನಾಡಿನ ನಮಗೆ ಆ ದಿನ ಖುಷಿಯೂ ಹೌದು, ಸಂಕಟವೂ ಹೌದು, ಹಾಗಾಗಿ ಈ ಸಲ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ ಬಗ್ಗೆ ಮಕ್ಕಳು ಮಾತಾಡುತ್ತಾರೆ. ದೀಪಾವಳಿ ಊಟಕ್ಕೆ ಹೆಸರು ಕೊಡದವರು ಈ ವಾರವೇ ಕೊಡಿ, ಕೊಟ್ಟಿಗೆ (ಬಾಳೆಲೆಯಲ್ಲಿ ಬೇಯಿಸುವ ಕಡುಬು) ಮಾಡಲು ಬಾಳೆಲೆ ಎಷ್ಟು ತರಿಸಬೇಕು ಗೊತ್ತಾಗಬೇಕು. ಯಕ್ಷಗಾನ ಅಭ್ಯಾಸ ಭಾನುವಾರಕ್ಕೆ ಬದಲಾಗಿದೆ, ಚೆಂಡೆಗೆ ಜನ ಇಲ್ಲ. ಪಾತ್ರೆ ತೊಳೆಯಲು ಕಳೆದ ಸಲ ಉಳಿದದ್ದು ಮೂವರೇ, ಅದರಲ್ಲಿ ಇಬ್ಬರಿಗೆ ಎಪ್ಪತ್ತು ದಾಟಿದೆ.

ಈ ಪತ್ರಿಕೆಗೂ ಜನ ಬೇಕು. ಟೈಪು, ಪ್ರೂಫು, ಅಂಚೆ ಎಲ್ಲ ಒಬ್ಬಳಿಂದಲೇ ಇನ್ನು ಆಗುವುದಿಲ್ಲ, ನಿಜವಾಗಿ ದಣಿದಿದ್ದೇನೆ. ಕನ್ನಡ ಓದಲು ಬರುವ ಯಾರಾದರೂ ತಿಂಗಳಿಗೆ ಒಂದು ಸಂಜೆ ಕೊಡಿ. ಮುಂದಿನ ಸಂಚಿಕೆಗೆ ಲೇಖನಗಳು ಡಿಸೆಂಬರ್ 10ರೊಳಗೆ ಬರಲಿ, ಕೈಬರಹವಾದರೂ ಆದೀತು, ನಾನೇ ಟೈಪ್ ಮಾಡುತ್ತೇನೆ.