ಎಂಟರ್ ಒತ್ತಿದ್ದು ಅಪ್ಪನ ತಪ್ಪಲ್ಲ

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿರುವ ನಮ್ಮಪ್ಪನಿಗೆ ನನ್ನ ಹಳೇ ಮ್ಯಾಕ್ ಲ್ಯಾಪ್‌ಟಾಪ್ ಕೊಟ್ಟಿದ್ದೆ. ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಮೂಡುವ ತಂತ್ರಾಂಶವನ್ನೂ ಹಾಕಿಕೊಟ್ಟಿದ್ದೆ. ಅದರಲ್ಲಿ ಪದ ಮುಗಿಯುವ ತನಕ ಕೆಳಗೊಂದು ಗೆರೆ ಇರುತ್ತದೆ. ಎಂಟರ್ ಒತ್ತಿದರೆ ಗೆರೆ ಹೋಗಿ ಪದ ನಿಲ್ಲುತ್ತದೆ.

ಕಳೆದ ತಿಂಗಳು ಅಪ್ಪ ಒಂದು ಜಾಲತಾಣದ ಚಾಟ್ ಪೆಟ್ಟಿಗೆಯಲ್ಲಿ ದೂರು ಬರೆಯಲು ಕೂತರು. ‘ಬಿಲ್’ ಬರೆದು ಎಂಟರ್ ಒತ್ತಿದರು. ಅಷ್ಟೇ ಹೋಗಿಬಿಟ್ಟಿತು. ‘ಕಟ್ಟಿದ್ದೇನೆ’ ಅನ್ನುವುದು ಇನ್ನೊಂದು ಮೆಸೇಜಾಗಿ ಹೋಯಿತು. ಪೂರ್ತಿ ಬರೆಯಿರಿ ಎಂದು ಆ ಕಡೆಯಿಂದ ಉತ್ತರ ಬಂತಂತೆ. ‘ನಂಗೆ ಇದೆಲ್ಲ ಬರಲ್ಲ ಬಿಡಮ್ಮ’ ಎಂದು ಅಪ್ಪ ಲ್ಯಾಪ್‌ಟಾಪ್ ಮುಚ್ಚಿಟ್ಟರು.

ಅಂಥದ್ದೇ ಪೆಟ್ಟಿಗೆಯನ್ನು ನಮ್ಮ ಕಚೇರಿಯಲ್ಲಿ ರಿಯಾಕ್ಟ್ (ಜಾಲತಾಣ ಕಟ್ಟಲು ಪ್ರೋಗ್ರಾಮರ್‌ಗಳು ಬಳಸುವ ಸಿದ್ಧ ಕೋಡ್) ಬಳಸಿ ನಾನೇ ಕಟ್ಟಿದ್ದೆ. ಎಂಟರ್ ಬಿದ್ದರೆ ಕಳಿಸು, ಒಂದೇ ಸಾಲಿನ ಕೋಡ್. ಊರಿಗೆ ಹೋದಾಗ ಅಪ್ಪನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದರೆ ನನ್ನದೂ ಅದೇ ಹಣೆಬರಹ!

ಪದ ಇನ್ನೂ ಮೂಡುತ್ತಿದೆಯಾ ಇಲ್ಲವಾ ಎಂದು ತಿಳಿಸಲು ಬ್ರೌಸರಿನ ಕೀಲಿ ಇವೆಂಟಿನಲ್ಲಿ, ಅಂದರೆ ಕೀಲಿ ಒತ್ತಿದಾಗ ಬ್ರೌಸರ್ ಕಳಿಸುವ ಸುದ್ದಿಯಲ್ಲಿ, ‘ಈಸ್‌ಕಂಪೋಸಿಂಗ್’ ಎಂಬ ಗುರುತು ಇದೆ. ಅದನ್ನು ಕೇಳಿ ನೋಡಿದೆ. ಏನೂ ಬದಲಾಗಲಿಲ್ಲ, ಎರರ್ ಕೂಡ ಬರಲಿಲ್ಲ. ರಿಯಾಕ್ಟ್ ಬ್ರೌಸರಿನ ಇವೆಂಟನ್ನು ತನ್ನದೇ ಹೊದಿಕೆಯಲ್ಲಿ ಸುತ್ತಿ ಕೊಡುತ್ತದೆ. ಆ ಹೊದಿಕೆಯಲ್ಲಿ ಈ ಗುರುತೇ ಇಲ್ಲ. ಹೊದಿಕೆ ಬಿಚ್ಚಿ, ಒಳಗಿನ ‘ನೇಟಿವ್‌ಇವೆಂಟ್’ ಅನ್ನೇ ಕೇಳಬೇಕು. ಕೇಳಿದೆ. ಕ್ರೋಮ್‌ನಲ್ಲಿ ಸರಿಹೋಯಿತು. ಆದರೆ ಅಪ್ಪ ಬಳಸುವುದು ಮ್ಯಾಕ್‌ನ ಸಫಾರಿ ಬ್ರೌಸರ್. ಅಲ್ಲಿ ಪದ ಮುಗಿಯಿತು ಎಂಬ ಸುದ್ದಿ ಮೊದಲು ಬಂದು, ಎಂಟರ್ ಬಿದ್ದ ಸುದ್ದಿ ಆಮೇಲೆ ಬರುತ್ತಿತ್ತು. ಹಾಗಾಗಿ ಆ ಗುರುತು ಕೇಳಿ ಪ್ರಯೋಜನವಾಗಲಿಲ್ಲ. ಕೊನೆಗೆ ಕೈಹಿಡಿದದ್ದು ‘ಕೀಕೋಡ್’, ಅಂದರೆ ಒತ್ತಿದ ಕೀಲಿಗೆ ಬ್ರೌಸರ್ ಕೊಡುವ ಅಂಕಿ. ಪದ ಮೂಡಿಸುವ ತಂತ್ರಾಂಶ ಹಿಡಿದುಕೊಂಡ ಕೀಲಿಗೆ ಅದು 229 ಇರುತ್ತದೆ. ಕೀಕೋಡ್ ಹಳತಾಯಿತು, ಬಳಸಬೇಡಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಬಳಸದೆ ಏನು ಮಾಡುವುದು ಹೇಳಿ.

ಬ್ರೌಸರ್‌ಗಳ ನಡುವಿನ ಇಂಥ ವ್ಯತ್ಯಾಸ ಮರೆಸುವುದಕ್ಕೇ ಅಲ್ವಾ ಆ ಹೊದಿಕೆ ಇರುವುದು? ಬೇಕಾದ ಕಡೆಯೇ ಅದು ಕೈಕೊಟ್ಟರೆ ಹೇಗೆ? ಇವೆಂಟ್ ವಿಷಯದಲ್ಲಿ ಬದಲಾವಣೆ ಮಾಡಲು ರಿಯಾಕ್ಟ್‌ನವರಿಗೆ ಬರುವುದಿಲ್ಲ ಎಂದೂ ಅಲ್ಲ. 2020ರಲ್ಲಿ ಬಂದ 17ನೇ ಆವೃತ್ತಿಯಲ್ಲಿ ಇವೆಂಟ್‌ಗಳನ್ನು ಇಡೀ ಡಾಕ್ಯುಮೆಂಟಿಗೆ, ಅಂದರೆ ಪೂರ್ತಿ ಪುಟಕ್ಕೆ, ಕಟ್ಟುವುದನ್ನು ಬಿಟ್ಟು, ಆ ಪುಟದಲ್ಲಿ ಆ್ಯಪ್ ಕೂರುವ ಜಾಗಕ್ಕೆ (ರೂಟ್) ಮಾತ್ರ ಕಟ್ಟಿದರು. ಅದು ಚಿಕ್ಕ ಕೆಲಸವೇನಲ್ಲ. ಅದರ ಮುಂದೆ ಒಂದು ಗುರುತು ಸೇರಿಸುವುದು ಎಷ್ಟರ ಕೆಲಸ?

ಜಪಾನಿನ ಪ್ರೋಗ್ರಾಮರ್‌ಗಳಿಗೆ ಇದು ಹಳೇ ತಲೆನೋವು. ಜಪಾನಿ ಬರಹದ ಕಾಂಜಿ ಅಕ್ಷರ ಆರಿಸಲು ಅವರು ದಿನವೂ ಎಂಟರ್ ಒತ್ತುತ್ತಾರೆ. ಬೆಂಗಳೂರಿನಲ್ಲಿ ಕೂತ ನನಗೆ ಇದು ಕಾಣಲೇ ಇಲ್ಲ. ಯಾಕೆಂದರೆ ಪರೀಕ್ಷೆ ಮಾಡುವಾಗ ನಾನು ಟೈಪ್ ಮಾಡುವುದು ‘ಟೆಸ್ಟ್ ಟೆಸ್ಟ್’ ಎಂದು, ಅದೂ ಇಂಗ್ಲಿಷಿನಲ್ಲಿ. ಸಂಜೆ ಮನೆಗೆ ಬಂದು ಅಪ್ಪನಿಗೆ ಕನ್ನಡದಲ್ಲೇ ವಾಟ್ಸ್‌ಆ್ಯಪ್ ಮಾಡುತ್ತೇನೆ!

ನನ್ನಂಥವರು ಈ ಪತ್ರ ಓದುತ್ತಿದ್ದರೆ ಒಂದು ಕೆಲಸ ಮಾಡಿ. ನೀವು ಕಟ್ಟಿದ ಪೆಟ್ಟಿಗೆಯಲ್ಲಿ ಕನ್ನಡದ ಒಂದು ಪೂರ್ತಿ ವಾಕ್ಯ ಬರೆದು ನೋಡಿ, ಸಫಾರಿಯಲ್ಲೂ ನೋಡಿ. ನನ್ನ ಪೆಟ್ಟಿಗೆ ಈಗ ಸರಿಯಾಗಿದೆ. ಅಪ್ಪ ದೂರು ಬರೆದ ಆ ಪೆಟ್ಟಿಗೆ ಈಗಲೂ ಹಾಗೇ ಇದೆ. ಅವರು ಫೋನ್ ಮಾಡಿ ಕೆಲಸ ಮುಗಿಸಿಕೊಂಡರು.

ನಿಮ್ಮ ಓದುಗರಲ್ಲೊಬ್ಬಳು,
ವಿಜಯನಗರ, ಬೆಂಗಳೂರು